ಅಪ್ಪ ಆಸ್ಪತ್ರೆಯಲ್ಲಿ, ಬೆಂಡೆಕಾಯಿ ಕಾಯೋದಿಲ್ಲ: ಏನು ಬಿಡಲಿ, ಏನು ಉಳಿಸಲಿ?

ಬೈಲುಗದ್ದೆ (ತೀರ್ಥಹಳ್ಳಿ ತಾಲೂಕು), ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಈ ರೈತರ ಗುಂಪಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯಲೇಬೇಕಾಗಿದೆ. ಸ್ವಲ್ಪ ಉದ್ದ ಆಗುತ್ತದೆ, ಬೈಬೇಡಿ.

ನಮ್ಮದು ಒಂದೂವರೆ ಎಕರೆ ಗದ್ದೆ. ಭತ್ತ ಕೊಯ್ದ ಮೇಲೆ ಪ್ರತಿ ವರ್ಷ ತರಕಾರಿ ಹಾಕುತ್ತೇವೆ. ಈ ಸಲ ಬೆಂಡೆ 20 ಗುಂಟೆ, ಅಲಸಂದೆ 15, ಮಂಗಳೂರು ಸೌತೆ 15, ಹಾಗಲ 10. ಬೆಂಡೆ ಈಗ ಜೋರಾಗಿ ಹಿಡಿದಿದೆ. ಒಂದು ದಿನ ಬಿಟ್ಟು ಒಂದು ದಿನ ಕೊಯ್ದರೆ 80 ಕೆಜಿ ಮೇಲೆ ಬರುತ್ತದೆ. ಕೆಲಸಕ್ಕೆ ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ. ಇಬ್ಬರು ಆಳು ಬರುತ್ತಿದ್ದರು, ಈಗ ಅಡಿಕೆ ಸುಲಿಯೋಕೆ ಹೋಗಿದ್ದಾರೆ. ಅಲ್ಲಿ ಕೆಜಿ ಲೆಕ್ಕದ ಕೂಲಿ, ನೆರಳಲ್ಲಿ ಕೂತು ಕೆಲಸ, ಮೇಲೆ ಎರಡು ಸಲ ಚಹಾ. ಅವರ ಜಾಗದಲ್ಲಿ ಇದ್ದರೆ ನಾನೂ ಹೋಗುತ್ತಿದ್ದೆ.

ಹೋದ ಬುಧವಾರ ಸಂಜೆ ಅಪ್ಪ ಮೋಟರ್ ಆಫ್ ಮಾಡಲು ಹಳ್ಳದ ಕಡೆ ಹೋದರು. ಹಳ್ಳ ದಾಟುವ ಸಂಕಕ್ಕೆ (ಕಾಲುಸೇತುವೆಗೆ) ಹಾಕಿದ್ದ ಅಡಿಕೆ ಮರದ ದಬ್ಬೆ ಒಂದು ಕೊಳೆತಿತ್ತು. ಅದನ್ನು ಬದಲಾಯಿಸಬೇಕು ಅಂತ ದೀಪಾವಳಿಯಿಂದ ಅಪ್ಪ ನನಗೆ, ನಾನು ಅಪ್ಪನಿಗೆ ಹೇಳಿಕೊಂಡೇ ಬಂದಿದ್ದೆವು. ಅದೇ ದಬ್ಬೆ ಮುರಿಯಿತು. ತೊಡೆಮೂಳೆ ಸೊಂಟದ ಹತ್ತಿರವೇ ಹೋಗಿದೆ. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು, ರಾಡ್ ಹಾಕಿದ್ದಾರೆ. ಅಮ್ಮ ಅಲ್ಲೇ ಇದ್ದಾರೆ. ನಾನು ದಿನಾ 60 ಕಿಲೋಮೀಟರ್ ಹೋಗಿ, ಅಷ್ಟೇ ವಾಪಸ್ ಬರುತ್ತಿದ್ದೇನೆ. ಮಂಡಗದ್ದೆ, ಸಕ್ರೆಬೈಲು, ಗಾಜನೂರು... ದಾರಿಯ ಹಂಪ್‌ಗಳೆಲ್ಲ ಬಾಯಿಪಾಠ ಆಗಿವೆ.

ಕೈ ಸಾಲದು ಅನ್ನೋದು ಒಂದು ಕಷ್ಟ. ಇನ್ನೊಂದು ಅದಕ್ಕಿಂತ ಜಾಸ್ತಿ. ನಮ್ಮ ಮನೆಯ ಲೆಕ್ಕ ಪೂರ್ತಿ ಅಪ್ಪನ ತಲೆಯಲ್ಲಿದೆ. ಮಂಡಿಯವರು ಎಷ್ಟು ಕೊಡಬೇಕು, ಗೊಬ್ಬರದ ಅಂಗಡಿಗೆ ಎಷ್ಟು ಬಾಕಿ, ಯಾವ ಸಾಲಿಗೆ ಯಾವಾಗ ನೀರು, ಒಂದೂ ಬರೆದಿಟ್ಟಿಲ್ಲ. ಆಪರೇಷನ್‌ಗೆ ಸ್ಟ್ರೆಚರ್ ತಳ್ಳಿಕೊಂಡು ಹೋಗುವಾಗ ನನ್ನ ಕೈ ಹಿಡಿದು ಹತ್ತಿರ ಎಳೆದರು. ಏನೋ ದೊಡ್ಡ ಮಾತು ಹೇಳುತ್ತಾರೆ ಅಂದುಕೊಂಡೆ. "ಹಾಗಲದ ವಾಲ್ವ್ ಪೂರ್ತಿ ತಿರುಗಿಸಬೇಡ. ಮುಕ್ಕಾಲು ತಿರುಗಿಸಿ ಒಂಚೂರು ಹಿಂದೆ ತಾ" ಅಂದರು. ನರ್ಸ್ ನಕ್ಕರು. ನಾನು ಔಷಧಿ ಚೀಟಿಯ ಹಿಂದೆ ಬರೆದುಕೊಂಡೆ.

ನಾಲ್ಕು ದಿನ ಬೆಂಡೆ ಕೊಯ್ದಿಲ್ಲ. ಇವತ್ತು ಹೋಗಿ ನೋಡಿದರೆ ಗೇಣುದ್ದ ಆಗಿವೆ. ತುದಿ ಲಟಕ್ ಅಂತ ಮುರಿಯೋದಿಲ್ಲ, ಹಗ್ಗದ ಹಾಗೆ ಬಾಗುತ್ತದೆ. ಎಲ್ಲ ಉಳಿಸೋಕೆ ಆಗಲ್ಲ ಅಂತ ಗೊತ್ತಾಗಿದೆ. ಯಾವುದನ್ನು ಬಿಡಲಿ?

ಗೊಬ್ಬರಗುಂಡಿ (ಸಾಗರ), ಭಾನುವಾರ ರಾತ್ರಿ

ಅಪ್ಪನಿಗೆ ಬೇಗ ಗುಣವಾಗಲಿ. ಈಗ ಗದ್ದೆ ವಿಷಯ.

ನಾಳೆ ಬೆಳಗ್ಗೆ ಚಾಕು ತಗೊಂಡು ಬಲಿತ ಬೆಂಡೆಯನ್ನೆಲ್ಲ ಕತ್ತರಿಸಿ ಹಾಕಿ. ಅದರಲ್ಲಿ ಮಾರುವಂಥದ್ದು ಆರಿಸುತ್ತಾ ನಿಲ್ಲಬೇಡಿ. ಒಂದೂ ಕಾಯಿ ಗಿಡದಲ್ಲಿ ಉಳಿಯಬಾರದು. ಕಾಯಿ ಬಲಿತು ಬೀಜ ಕಟ್ಟಿತು ಅಂದರೆ ಗಿಡಕ್ಕೆ ತನ್ನ ಕೆಲಸ ಮುಗಿದ ಹಾಗೆ. ಹೂ ಕಡಿಮೆ ಆಗುತ್ತದೆ. ಕತ್ತರಿಸಿದರೆ ಮತ್ತೆ ಹಿಡಿಯುತ್ತದೆ. ನೀವು ಕಳೆದುಕೊಂಡಿರುವುದು ನಾಲ್ಕು ದಿನದ ಕಾಯಿ, ಗಿಡವನ್ನಲ್ಲ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಇಲ್ಲಾಂದರೆ ರಾತ್ರಿಯೆಲ್ಲ ಕೆರೆದುಕೊಳ್ಳಬೇಕು.

ಸೌತೆ ಕಡೆ ತಿರುಗಿಯೂ ನೋಡಬೇಡಿ. ಅದು ಬಳ್ಳಿಯಲ್ಲೇ ಬಲಿಯಲಿ. ತೊಟ್ಟು ಸಮೇತ ಕೊಯ್ದು, ಪೆಟ್ಟಾಗದ ಹಾಗೆ ತಂದು, ಬಾಳೆ ನಾರಲ್ಲಿ ಅಟ್ಟದ ಕೆಳಗೆ ಕಟ್ಟಿದರೆ ತಿಂಗಳುಗಟ್ಟಲೆ ಇರುತ್ತದೆ. ನಮ್ಮ ಅಜ್ಜಿ ಮಳೆಗಾಲದ ಹುಳಿಗೆಲ್ಲ ಅದನ್ನೇ ಇಳಿಸುತ್ತಿದ್ದರು. ಅಲಸಂದೆಯಲ್ಲಿ ಅರ್ಧ ಸಾಲು ಹಾಗೇ ಬಿಟ್ಟು ಒಣಗಿಸಿ, ಕಾಳು ಮಾಡಿಕೊಳ್ಳಿ. ಕಾಳಿಗೂ ಗಿರಾಕಿ ಇದೆ.

ಬಿಡುವುದಾದರೆ ಹಾಗಲ ಬಿಡಿ. ಆದರೆ ಬಿಟ್ಟೆ ಅಂತ ಹಾಗೇ ಬಿಡುವಂತಿಲ್ಲ! ಹಾಗಲ ಹಣ್ಣಾಗಿ ಒಡೆದರೆ ಹಣ್ಣುನೊಣಕ್ಕೆ ಬಾಣಂತಿಮನೆ. ಹುಳು ಮಣ್ಣಿಗೆ ಇಳಿದು, ಕೋಶ ಕಟ್ಟಿ, ನೊಣವಾಗಿ ಎದ್ದು ಸೀದಾ ನಿಮ್ಮ ಸೌತೆಗೆ ಬರುತ್ತದೆ. ಬಳ್ಳಿಯನ್ನು ಬುಡದಲ್ಲೇ ಕೊಯ್ದು ಬಿಡಿ. ಇರುವ ಕಾಯಿ ಹಣ್ಣು ಎಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಬಿಸಿಲಲ್ಲಿ ಇಡಿ. ಸೌತೆ ಹತ್ತಿರ ಕ್ಯೂ ಲೂರ್ (ಗಂಡು ನೊಣವನ್ನು ಸೆಳೆಯುವ ವಾಸನೆ ಮದ್ದು) ಹಾಕಿದ ಬಲೆ ನಾಲ್ಕು ತೂಗು ಹಾಕಿ.

ಚಪ್ಪರದವಳು (ರಿಪ್ಪನ್‌ಪೇಟೆ ಕಡೆ), ಸೋಮವಾರ ಬೆಳಗ್ಗೆ

ಬೈಲುಗದ್ದೆಯವರೇ, ಇಷ್ಟುದ್ದ ಬರೆದಿದ್ದೀರಿ. ನಿಮ್ಮ ಹೆಂಡತಿ ಅದರಲ್ಲಿ ಒಂದೇ ಸಾಲಲ್ಲಿ ಬಂದು ಹೋದರು. ನೀವು ದಿನಾ ಶಿವಮೊಗ್ಗಕ್ಕೆ ಹೋದಾಗ ಹಾಲು ಕರೆಯುವುದು, ಆಸ್ಪತ್ರೆಗೆ ಬುತ್ತಿ ಕಟ್ಟುವುದು, ಮೋಟರ್ ಹಾಕುವುದು ಯಾರು?

ಸಿಟ್ಟಿನಿಂದ ಕೇಳುತ್ತಿಲ್ಲ. ನಾನೂ ಆ ಜಾಗದಲ್ಲಿ ಇದ್ದವಳು. ಶುಂಠಿ ಕೀಳುವ ಹೊತ್ತಿಗೆ ನನ್ನ ಗಂಡ ಬೈಕಿಂದ ಬಿದ್ದು ಎರಡು ತಿಂಗಳು ಮಲಗಿದ್ದರು. ವ್ಯಾಪಾರಿಯ ನಂಬರ್ ಅವರ ಫೋನಲ್ಲಿ. ಬಿದ್ದಾಗ ಆ ಫೋನೂ ಒಡೆದಿತ್ತು. ಹತ್ತು ವರ್ಷ ಆ ಗದ್ದೆಯಲ್ಲಿ ಕಳೆ ಕಿತ್ತಿದ್ದೇನೆ, ಶುಂಠಿ ಯಾರಿಗೆ ಕೊಡುತ್ತೇವೆ ಅಂತ ನನಗೆ ಗೊತ್ತಿರಲಿಲ್ಲ. ಇವತ್ತೇ ಒಂದು ನೋಟ್‌ಬುಕ್ ತಗೊಂಡು ಆಸ್ಪತ್ರೆಗೆ ಹೋಗಿ. ಅಪ್ಪನ ಪಕ್ಕ ಕೂತು ಕೇಳಿ ಬರೆಯಿರಿ. ಅವರಿಗೂ ಹೊತ್ತು ಹೋಗುತ್ತದೆ.

ಇನ್ನೊಂದು, ಮುಯ್ಯಾಳು, ಅಂದರೆ ಕೂಲಿ ಬದಲು ಕೆಲಸಕ್ಕೆ ಕೆಲಸ. ನಮ್ಮ ಕಡೆ ನೆಟ್ಟಿಗೆ, ಕೊಯ್ಲಿಗೆ ಇನ್ನೂ ಮುಯ್ಯಿ ಇದೆ. ತರಕಾರಿಗೆ ಯಾರೂ ಕೇಳುವುದಿಲ್ಲ, ನಾಚಿಕೆ. ನಾನೂ ಮೊದಲು "ಏನಾದರೂ ಸಹಾಯ ಮಾಡಿ" ಅಂತ ಕೇಳಿದೆ. ಎಲ್ಲರೂ "ಆಯ್ತು" ಅಂದರು, ಒಬ್ಬರೂ ಬರಲಿಲ್ಲ. ಆಮೇಲೆ ಕೇಳುವ ರೀತಿ ಬದಲಾಯಿಸಿದೆ. "ಗುರುವಾರ ಬೆಳಗ್ಗೆ 7ರಿಂದ 10, ನಿಮ್ಮ ಮನೆಯಿಂದ ಒಬ್ಬರು. ಅದರ ಬದಲು ನಾನು ನಿಮ್ಮಲ್ಲಿ ಒಂದು ದಿನ ಅಡಿಕೆ ಸುಲಿಯುತ್ತೇನೆ." ಹಾಗೆ ಕೇಳಿದಾಗ ಐದು ಮನೆಯಲ್ಲಿ ಮೂರು ಮನೆಯವರು ಬಂದರು. ತಿಂಡಿ ಮಾತ್ರ ಚೆನ್ನಾಗಿರಬೇಕು. ಉಪ್ಪಿಟ್ಟು ಅಲ್ಲ.

ಎರಡನೇ ಕೊಯ್ಲು (ಹೊಸನಗರ), ಸೋಮವಾರ ಬೆಳಗ್ಗೆ

ಉಪ್ಪಿಟ್ಟಿಗೆ ಏನಾಗಿದೆ ಮಾರಾಯ್ರೆ?

ಒಂಟಿ ಎತ್ತು (ಸೊರಬ), ಸೋಮವಾರ ಮಧ್ಯಾಹ್ನ

ಕೇಳೋಕೆ ಚೆನ್ನಾಗಿದೆ ಮುಯ್ಯಿ. ಈಗ ಅಡಿಕೆ ಸುಲಿತದ ಕಾಲ, ಮನೆಯಲ್ಲಿ ಮಕ್ಕಳೆಲ್ಲ ಪೇಟೆ ಸೇರಿದ್ದಾರೆ. ನಮ್ಮ ಕೇರಿಯಲ್ಲಿ ಹನ್ನೊಂದು ಮನೆ, ಬಗ್ಗಿ ಕೊಯ್ಯಬಲ್ಲವರು ಏಳು ಜನ. ಏಳೂ ಜನಕ್ಕೆ ಸೊಂಟನೋವು. ಇದೆಲ್ಲ ಬಿಟ್ಟು ಗದ್ದೆಗೆ ಅಡಿಕೆ ಸಸಿ ಹಾಕಿ, ನೆಮ್ಮದಿಯಾಗಿ ಇರಿ.

ಗೊಬ್ಬರಗುಂಡಿ (ಸಾಗರ), ಸೋಮವಾರ ಸಂಜೆ

ಅಡಿಕೆ ಸಸಿ ಇಟ್ಟರೆ ಸರಿಯಾಗಿ ಫಸಲು ಬರೋಕೆ ಐದಾರು ವರ್ಷ ಬೇಕು. ಅವರ ಅಪ್ಪನ ಆಸ್ಪತ್ರೆ ಬಿಲ್ ಈ ವಾರದ್ದು. ಮತ್ತೆ ನೆಮ್ಮದಿ ಅಂದಿರಲ್ಲ, ಎಲೆಚುಕ್ಕೆ ರೋಗ ಬಂದ ತೋಟದವರನ್ನು ಕೇಳಿ ನೋಡಿ. ಹೊಸನಗರ, ತೀರ್ಥಹಳ್ಳಿ ಕಡೆ ಎಷ್ಟು ಜನ ಮೈಲುತುತ್ತ, ಸುಣ್ಣ ಹಿಡಿದು ಆಕಾಶ ನೋಡುತ್ತಿದ್ದಾರೆ ಗೊತ್ತಲ್ವಾ?

ಬೈಲುಗದ್ದೆ, ಮಂಗಳವಾರ ರಾತ್ರಿ

ಬಲಿತ ಬೆಂಡೆ ಕತ್ತರಿಸಿ ಆಯಿತು. ಹನ್ನೊಂದು ಚೀಲ! ಎಮ್ಮೆ ನಿನ್ನೆ ತಿಂದು ಇವತ್ತು ಮುಖ ತಿರುಗಿಸಿತು. ಉಳಿದಿದ್ದು ಗೊಬ್ಬರಗುಂಡಿಗೆ (ಹೆಸರಿಟ್ಟುಕೊಂಡವರು ಕ್ಷಮಿಸಿ).

ಚಪ್ಪರದವಳು ಅವರೇ, ನಿಮ್ಮ ಪ್ರಶ್ನೆಯನ್ನು ಹೆಂಡತಿಗೆ ಓದಿ ಹೇಳಿದೆ. "ಪರವಾಗಿಲ್ಲ, ಯಾರಾದರೂ ಕೇಳಿದರಲ್ಲ" ಅಂದಳು. ಆಮೇಲೆ ನಾನು ಏನೂ ಮಾತಾಡಲಿಲ್ಲ.

ಇವತ್ತು ಎಳೆ ಬೆಂಡೆ 30 ಕೆಜಿ, ಅಲಸಂದೆ 40 ಕೆಜಿ ಶಿವಮೊಗ್ಗದ ಮಂಡಿಗೆ ಹಾಕಿದೆ. ಅಪ್ಪ ಯಾವಾಗಲೂ ಹಾಕುವ ಕಡೆಯೇ. ಬೆಂಡೆಗೆ ನನಗೆ ಕೆಜಿಗೆ 18 ಬರೆದರು. ಪಕ್ಕದಲ್ಲಿ ನಿಂತವರಿಗೆ 26. ಕೇಳಿದರೆ "ನಿಮ್ಮಪ್ಪ ಬಂದರೆ ಬೇರೆ ಮಾತು" ಅಂದರು. ಜೊತೆಗೆ ನೂರಕ್ಕೆ ಹತ್ತು ಕಮಿಷನ್, ಹಮಾಲಿ, ಹಳೇ ಅಡ್ವಾನ್ಸ್ ಅಂತ ಹಿಡಿದು, ಒಂದು ಬಿಳಿ ಚೀಟಿ ಕೈಗಿಟ್ಟರು. ಅದರಲ್ಲಿ ಅಂಗಡಿ ಹೆಸರೂ ಇಲ್ಲ. ಅಪ್ಪ ಅಡ್ವಾನ್ಸ್ ತಗೊಂಡಿದ್ದು ನಿಜವಾ ಅಂತ ಆಸ್ಪತ್ರೆಯಲ್ಲಿ ಕೇಳೋಕೆ ಮನಸ್ಸು ಬರಲಿಲ್ಲ.

ತಕ್ಕಡಿ (ಭದ್ರಾವತಿ), ಮಂಗಳವಾರ ರಾತ್ರಿ

ಕೇಳಲೇಬೇಕು. ಅಡ್ವಾನ್ಸ್ ಇದ್ದರೆ ಎಷ್ಟು ಅಂತ ಗೊತ್ತಾಗುತ್ತದೆ. ಇಲ್ಲದಿದ್ದರೆ ಇನ್ನೂ ಒಳ್ಳೇದು.

ನಾನು ಹದಿನೈದು ವರ್ಷ ತರಕಾರಿ ಗಾಡಿ ಓಡಿಸಿದವನು. ಎಪಿಎಂಸಿ ನಿಯಮದ ಪ್ರಕಾರ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ರೈತನ ಪಟ್ಟಿಯಲ್ಲಿ ಹಿಡಿಯುವಂತಿಲ್ಲ. ಆದರೂ ಹಿಡಿಯುತ್ತಾರೆ. ಬಿಳಿ ಚೀಟಿ ಕೊಡುವುದು ಅದಕ್ಕೇ, ನಾಳೆ ತೋರಿಸೋಕೆ ನಿಮ್ಮ ಹತ್ತಿರ ಏನೂ ಇರಬಾರದು. ಸರಿಯಾದ ಬಿಲ್ ಕೊಡಿ ಅಂತ ಗಲಾಟೆ ಮಾಡದೆ, ಮೆತ್ತಗೆ, ಪ್ರತಿ ಸಲ ಕೇಳಿ. "ಆಸ್ಪತ್ರೆ ಖರ್ಚಿನ ಲೆಕ್ಕ ಇಡಬೇಕು" ಅನ್ನಿ. ಕೊಡದಿದ್ದರೆ ಮಾರುಕಟ್ಟೆ ಸಮಿತಿ ಕಚೇರಿ ಅದೇ ಆವರಣದಲ್ಲಿದೆ.

18 ಬರೆದಿದ್ದಕ್ಕೆ ಅಪ್ಪ ಇಲ್ಲದ್ದು ಒಂದೇ ಕಾರಣ ಅಂದುಕೊಳ್ಳಬೇಡಿ. ಎಳೇದು, ಮಧ್ಯಮ, ಸ್ವಲ್ಪ ಬಲಿತಿದ್ದು ಎಲ್ಲ ಒಂದೇ ಚೀಲಕ್ಕೆ ತುಂಬಿದ್ದೀರಿ ಅಂತ ನನ್ನ ಅನುಮಾನ. ಹರಾಜು ಕೂಗುವವನು ಚೀಲದ ತಳಕ್ಕೆ ಕೈ ಹಾಕುತ್ತಾನೆ. ತಳದಲ್ಲಿ ಒಂದು ಗಟ್ಟಿ ಕಾಯಿ ಸಿಕ್ಕರೆ ಸಾಕು, ಇಡೀ ಚೀಲಕ್ಕೆ ಅದೇ ರೇಟು. ಎರಡು ಮಾಡಿ ತುಂಬಿ. ಬೆಳಗ್ಗೆ ಇಬ್ಬನಿ ಇರುವಾಗ ಕೊಯ್ದರೆ ನೆರಳಲ್ಲಿ ಹರವಿ ನೀರು ಆರಿಸಿ. ಒದ್ದೆ ಬೆಂಡೆ ಚೀಲದಲ್ಲಿ ಬಿಸಿಯಾಗಿ ಕಪ್ಪಾಗುತ್ತದೆ. ಅಷ್ಟು ದೂರ ಬರುವುದಾದರೆ ಚೀಲ ಬಿಟ್ಟು ಕ್ರೇಟ್ ತಗೊಳ್ಳಿ.

ಹಾಲಿನ ಡೈರಿ ಪಕ್ಕ (ಶಿಕಾರಿಪುರ), ಬುಧವಾರ

ಆಸ್ಪತ್ರೆ ಬಿಲ್‌ಗೆ ಯಶಸ್ವಿನಿ (ಸಹಕಾರ ಸಂಘದ ಸದಸ್ಯರ ಆರೋಗ್ಯ ಯೋಜನೆ) ಇದೆಯಾ? 2003ರಲ್ಲಿ ಶುರುವಾಗಿ 2018ರಲ್ಲಿ ನಿಂತಿತ್ತು, 2022ರಲ್ಲಿ ಮತ್ತೆ ಬಂತು. ಸಹಕಾರ ಸಂಘದಲ್ಲಿ ಸದಸ್ಯರಾಗಿ, ಆ ವರ್ಷದ ಹಣ ಕಟ್ಟಿರಬೇಕು. ಬಿದ್ದ ಮೇಲೆ ಸೇರೋಕೆ ಆಗಲ್ಲ. ಅಪ್ಪ ಕಟ್ಟಿದ್ದಾರಾ ಅಂತ ಸೊಸೈಟಿಯಲ್ಲಿ ವಿಚಾರಿಸಿ, ಎಷ್ಟೋ ಹಿರಿಯರು ಕಟ್ಟಿ ಮರೆತಿರುತ್ತಾರೆ. ಇಲ್ಲದಿದ್ದರೆ ರೇಷನ್ ಕಾರ್ಡ್ ತೋರಿಸಿ ಆಯುಷ್ಮಾನ್ ಕೇಳಿ. ಬಿಪಿಎಲ್ ಆದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದಲ್ಲಿ ನೂರಕ್ಕೆ 30 ಮಾತ್ರ. ಎರಡಕ್ಕೂ ಆಸ್ಪತ್ರೆ ಆ ಯೋಜನೆಯ ಪಟ್ಟಿಯಲ್ಲಿ ಇರಬೇಕು. ಡಿಸ್ಚಾರ್ಜ್ ಆಗುವ ಮೊದಲೇ ಕೇಳಿ, ಆಮೇಲೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ.

ಬೆಳೆಸಾಲ ಸೊಸೈಟಿಯಲ್ಲಿದ್ದರೆ ಕಟ್ಟುವ ಕೊನೇ ದಿನ ಯಾವಾಗ ಅಂತ ಇವತ್ತೇ ನೋಡಿ. ಬಡ್ಡಿಯಿಲ್ಲದ ಸಾಲದ ಮಿತಿ 2023ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು, ನಿಜ. ಆದರೆ ಗಡುವು ದಾಟಿದರೆ ಆ ಬಡ್ಡಿಯಿಲ್ಲದ ಸುಖ ಹೋಯಿತು. ಇಂಥ ಗಡಿಬಿಡಿಯಲ್ಲೇ ನಮ್ಮ ಮನೆಯಲ್ಲಿ ಒಂದು ಸಲ ತಪ್ಪಿಹೋಗಿತ್ತು.

ಬೈಲುಗದ್ದೆ, ಶುಕ್ರವಾರ ಸಂಜೆ

ಇದನ್ನು ಬರೆಯುತ್ತಿರುವುದು ಅವರಲ್ಲ. ನಾನು, ಆ ಒಂದೇ ಸಾಲಲ್ಲಿ ಬಂದು ಹೋದವಳು.

ಅವರಿಗೆ ನಿನ್ನೆಯಿಂದ ಜ್ವರ, ತಲೆನೋವು, ಮೈಕೈ ನೋವು. ಆಶಾ ಕಾರ್ಯಕರ್ತೆ ಬಂದು ಹೋದರು. ಹತ್ತು ದಿನದ ಹಿಂದೆ ಇವರು ದರಗು (ಒಣ ಎಲೆ) ಗುಡಿಸೋಕೆ ಕಾಡಿಗೆ ಹೋಗಿದ್ದರು ಅಂದಿದ್ದಕ್ಕೆ ರಕ್ತ ಪರೀಕ್ಷೆ ಮಾಡಿಸಿ ಅಂದಿದ್ದಾರೆ. ಮಾವನಿಗೆ ಇನ್ನೂ ಹೇಳಿಲ್ಲ.

ಮಾಡಿದ ಕೆಲಸ ಹೇಳುತ್ತೇನೆ. ಹಾಗಲದ ಬಳ್ಳಿ ಬುಧವಾರವೇ ಬುಡಕ್ಕೆ ಕೊಯ್ದೆ. ಮಾವ ಕಟ್ಟಿದ ಚಪ್ಪರ, ಬೆಳ್ಳಗೆ ಹೊಸ ದಾರ. ಕೊಯ್ಯುವಾಗ ಯಾರೂ ನೋಡದಿದ್ದರೆ ಸಾಕು ಅನಿಸಿತು. ಮುಯ್ಯಿಗೆ ನಾಲ್ಕು ಮನೆಗೆ ಹೋಗಿ ದಿನ, ಗಂಟೆ ಹೇಳಿ ಕೇಳಿದೆ. ಇಬ್ಬರು ಬಂದರು. ಅವರಲ್ಲಿ ಒಬ್ಬರ ಜೊತೆ ಬದುವಿನ ಜಗಳಕ್ಕೆ ಮೂರು ವರ್ಷದಿಂದ ಮಾತಿರಲಿಲ್ಲ. ಬೆಂಡೆ ಕೊಯ್ಯುವಾಗಲೂ ಮಾತಾಡಲಿಲ್ಲ. ಆದರೆ 9 ಗಂಟೆಗೆ ಅವರ ಕುಕ್ಕೆಯೇ ಎಲ್ಲರಿಗಿಂತ ತುಂಬಿತ್ತು.

ತಿಂಡಿಗೆ ಕಡುಬು ಮಾಡಿದ್ದೆ. ಬೆಂಡೆ 52 ಕೆಜಿ ಆಯಿತು. ಎರಡು ಮಾಡಿ ತುಂಬಿದ್ದೇನೆ. ಆದರೆ ಗಾಡಿ ಹೊಡೆಯುವವರು ಮಲಗಿದ್ದಾರೆ. ಏನು ಮಾಡಲಿ?

ತಕ್ಕಡಿ (ಭದ್ರಾವತಿ), ಶುಕ್ರವಾರ ಸಂಜೆ

ಶಿವಮೊಗ್ಗ ಬಿಡಿ. 52 ಕೆಜಿಗೆ ಅಷ್ಟು ದೂರ ಡೀಸೆಲ್ ಸುಡಬೇಡಿ. ತೀರ್ಥಹಳ್ಳಿ ಪೇಟೆಯಲ್ಲಿ ಹೋಟೆಲ್, ಮೆಸ್, ತರಕಾರಿ ಅಂಗಡಿಗೆ ಹತ್ತತ್ತು ಕೆಜಿ ಹಂಚಿ. ಬೆಳಗ್ಗೆ ಹಾಲಿನ ಗಾಡಿ ಬರುತ್ತದಲ್ಲ, ಅದರಲ್ಲಿ ಕಳಿಸಿ. ರೇಟು ಫೋನಲ್ಲೇ ಮಾತಾಡಿ, ಮೆಸೇಜ್‌ನಲ್ಲೂ ಬರೆದು ಕಳಿಸಿ.

ಒಂಟಿ ಎತ್ತು (ಸೊರಬ), ಶುಕ್ರವಾರ ರಾತ್ರಿ

ತಂಗಿ, ಜ್ವರ ಹಗುರ ಮಾಡಬೇಡಿ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ 1957ರಲ್ಲಿ, ನಮ್ಮ ಕಡೆಯ ಕ್ಯಾಸನೂರು ಕಾಡಲ್ಲಿ. ಊರಿನ ಹೆಸರೇ ರೋಗಕ್ಕೆ ಅಂಟಿಕೊಂಡಿತು. ಅದನ್ನು ಹರಡುವ ಉಣುಗು (ಉಣ್ಣೆ ಹುಳು) ಜಾಸ್ತಿ ಇರುವ ಕಾಲ ಇದೇ, ಮಳೆ ಬೀಳುವ ತನಕ. ಟೆಸ್ಟ್ ಶಿವಮೊಗ್ಗದಲ್ಲೇ ಆಗುತ್ತದೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸಬೇಡಿ, ಡಾಕ್ಟರ್ ಹೇಳಿದ್ದು ಮಾತ್ರ. ಮುಯ್ಯಿಗೆ ಬರುವವರು ಕಾಡಿನ ದಾರಿಯಲ್ಲಿ ಬರುವುದಾದರೆ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡು ಬರಲಿ. ಮನೆಗೆ ಹೋದ ಮೇಲೆ ಬಿಸಿನೀರು ಸ್ನಾನ, ಬಟ್ಟೆಯೂ ಬಿಸಿನೀರಿಗೆ.

ಮುಯ್ಯಿ ಬಗ್ಗೆ ನಾನು ಹೇಳಿದ್ದು ವಾಪಸ್ ತಗೊಂಡೆ. ಅಡಿಕೆ ಬಗ್ಗೆ ಹೇಳಿದ್ದು ಇಲ್ಲ.

ಬೈಲುಗದ್ದೆ, ಮಂಗಳವಾರ

ಅವಳೇ. ರಿಪೋರ್ಟ್ ಬಂತು, ಮಂಗನ ಕಾಯಿಲೆ ಅಲ್ಲ. ಜ್ವರ ಇಳಿದಿದೆ, ಸುಸ್ತು ಇದೆ. ಹಾಲಿನ ಗಾಡಿಯಲ್ಲಿ ಮೂರು ಸಲ ಬೆಂಡೆ ಕಳಿಸಿದೆ. ಎರಡು ಮೆಸ್, ಒಂದು ಅಂಗಡಿ. ಕೆಜಿಗೆ 24. ಒಬ್ಬರು ದುಡ್ಡು ಕೊಟ್ಟಿಲ್ಲ, ನಾಳೆ ಹೋಗಿ ನಿಲ್ಲುತ್ತೇನೆ.

ಚಪ್ಪರದವಳು (ರಿಪ್ಪನ್‌ಪೇಟೆ ಕಡೆ), ಮಂಗಳವಾರ

ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ. ಗಿರಾಕಿ ಎದುರಿಗೆ ಬೇಗ ಕೊಡುತ್ತಾರೆ.

ಬೈಲುಗದ್ದೆ, ಹನ್ನೆರಡು ದಿನ ಆದ ಮೇಲೆ

ಈ ಸಲ ನಾನೇ, ಗಂಡ. ಫೋನ್ ವಾಪಸ್ ಸಿಕ್ಕಿತು.

ಅಪ್ಪ ಮನೆಗೆ ಬಂದು ಐದು ದಿನ. ವಾಕರ್ ಹಿಡಿದು ಜಗಲಿ ತನಕ ನಡೆಯುತ್ತಾರೆ. ಯಶಸ್ವಿನಿ ಹಣ ಅವರು ನಿಜವಾಗಲೂ ಕಟ್ಟಿದ್ದರು! ರಶೀದಿ ಪಂಚಾಂಗದ ಒಳಗೆ ಇತ್ತು. ಖರ್ಚಿನ ದೊಡ್ಡ ಪಾಲು ಅದರಲ್ಲಿ ಹೋಯಿತು. ಮಂಡಿಯ ಅಡ್ವಾನ್ಸೂ ನಿಜ, ಆದರೆ 6,000 ಮಾತ್ರ. ಅವರು ನನ್ನ ಹತ್ತಿರ ಹೇಳಿದ್ದು 15,000. ಅಪ್ಪನೇ ಫೋನ್ ಮಾಡಿ ಮಾತಾಡಿದರು. ಏನು ಮಾತಾಡಿದರು ಅಂತ ಇಲ್ಲಿ ಬರೆಯುವ ಹಾಗಿಲ್ಲ.

ಹಾಗಲ ಕೊಯ್ದಿದ್ದು ಅಪ್ಪನಿಗೆ ಜಗಲಿಯಿಂದಲೇ ಕಾಣುತ್ತದೆ. ಮೊದಲ ದಿನ ಬರೀ ಚಪ್ಪರ ನೋಡಿ ಏನೂ ಅನ್ನಲಿಲ್ಲ. ಎರಡನೇ ದಿನ ಹೆಂಡತಿಯನ್ನು ಕರೆದು, "ಆ ಚಪ್ಪರಕ್ಕೆ ಮಳೆ ಹಿಡಿಯುವಾಗ ಹೀರೆ ಹಬ್ಬಿಸಬಹುದು, ದಾರ ಬಿಚ್ಚಬೇಡ" ಅಂದರು. ನನ್ನನ್ನು ಕರೆಯಲಿಲ್ಲ. ಈಗ ಗದ್ದೆ ಲೆಕ್ಕವನ್ನೆಲ್ಲ ಅವಳ ನೋಟ್‌ಬುಕ್‌ಗೇ ಹೇಳಿ ಬರೆಸುತ್ತಾರೆ. ವಾಲ್ವ್ ವಿಷಯಕ್ಕೇ ಅರ್ಧ ಪುಟ ಆಗಿದೆ.

ಸಂಕಕ್ಕೆ ಹೊಸ ದಬ್ಬೆ ನಾಲ್ಕು ಹಾಕಿದೆ. ಬದುವಿನ ಜಗಳದ ಮನೆಯವರೇ ಒಂದು ತುದಿ ಹಿಡಿದರು.

ಮುಯ್ಯಿ ಲೆಕ್ಕ: ನಾವು ತೀರಿಸಬೇಕಾಗಿದ್ದು 9 ದಿನ. 4 ದಿನ ಅಡಿಕೆ ಸುಲಿದು ತೀರಿಸಿದೆ. ಬೆರಳೆಲ್ಲ ಚೊಗರು ಹಿಡಿದು ಕಪ್ಪಾಗಿದೆ. ಉಳಿದ 5 ದಿನ ಅವರ ಮನೆಯ ಗೊಬ್ಬರ ಹೊರುವುದಕ್ಕೆ.

ಒಂದು ಪ್ರಶ್ನೆ ಉಳಿದಿದೆ. ಸೌತೆ ನಿನ್ನೆಯಿಂದ ಕೊಯ್ಯುತ್ತಿದ್ದೇವೆ. ಅಪ್ಪ ಕುರ್ಚಿಯಲ್ಲಿ ಕೂತು ಬಾಳೆ ನಾರು ಸೀಳಿ ಕೊಡುತ್ತಾರೆ, ಅಮ್ಮ ಕಟ್ಟುತ್ತಾರೆ. ಅಟ್ಟದ ಕೆಳಗೆ ಇನ್ನು ಜಾಗವಿಲ್ಲ, ನಡೆದರೆ ತಲೆಗೆ ತಾಗುತ್ತದೆ. ಇನ್ನೂ ಎರಡು ಕ್ವಿಂಟಾಲ್ ಗದ್ದೆಯಲ್ಲೇ ಇದೆ. ಎಲ್ಲಿ ಇಡಲಿ?

ಗೊಬ್ಬರಗುಂಡಿ (ಸಾಗರ)

ಕೊಟ್ಟಿಗೆ ಅಟ್ಟದಲ್ಲಿ ಒಣಹುಲ್ಲು ಹಾಸಿ ಒಂದೊಂದಾಗಿ ಮಲಗಿಸಿ. ಒಂದರ ಮೇಲೊಂದು ಬೇಡ. ವಾರಕ್ಕೊಮ್ಮೆ ಮಗ್ಗುಲು ತಿರುಗಿಸಿ, ಮೆತ್ತಗಾಗಿದ್ದು ಅವತ್ತೇ ಸಾಂಬಾರಿಗೆ. ಇಲಿ ನೋಡಿಕೊಳ್ಳಿ.

ಎರಡನೇ ಕೊಯ್ಲು (ಹೊಸನಗರ)

20 ಕೆಜಿ ನನಗೆ ಬೇಕು. ಮನೆಯಲ್ಲಿ ಮದುವೆ ಇದೆ. ರೇಟು ಯಾರ ಹತ್ತಿರ ಮಾತಾಡಬೇಕು?

ಬೈಲುಗದ್ದೆ

ನೋಟ್‌ಬುಕ್ ಇರುವವಳ ಹತ್ತಿರ. ಫೋನ್ ಕೊಡುತ್ತೇನೆ, ತಡೀರಿ.